ಶಾಲಿಗಿಂತ ಮೊದಲು ಸಭೆಯ ನೋಟಿಸು ಕೊಡಿ

ಡಿಸೆಂಬರ್ 3ರ ವಿಶ್ವ ಅಂಗವಿಕಲರ ದಿನಾಚರಣೆ ನಮ್ಮ ತಾಲ್ಲೂಕು, ಜಿಲ್ಲಾ ಕೇಂದ್ರಗಳಲ್ಲಿ ಹೆಚ್ಚುಕಡಿಮೆ ಒಂದೇ ರೀತಿ ನಡೆಯುತ್ತದೆ. ಪ್ರಾರ್ಥನೆಗೆ ಅಂಧ ಗಾಯಕರು, ನಡುವೆ ಕಿವುಡ ಮಕ್ಕಳದೊಂದು ನೃತ್ಯ, ಆಮೇಲೆ ಗಣ್ಯರ ಭಾಷಣ, ಶಾಲು, ಹಾರ, ಹಣ್ಣಿನ ಬುಟ್ಟಿ, ಗ್ರೂಪ್ ಫೋಟೊ. ಅದೇ ಗಾಯಕರನ್ನು ಬಜೆಟ್ ಬರೆಯುವ ಹೊತ್ತಿಗೆ ಕರೆದು, "ಕಲೆಗೆ ಇಟ್ಟಿರುವ ದುಡ್ಡು ಹೇಗೆ ಖರ್ಚಾಗಬೇಕು, ನೀವೇನಂತೀರಿ?" ಎಂದು ಕೇಳಿದ್ದನ್ನು ನಾನಂತೂ ಕಂಡಿಲ್ಲ.

ಹೀಗೆ ಕೇಳದಿರುವುದರ ಹಿಂದೆ ಯಾರ ದುರುದ್ದೇಶವೂ ಇರಲಿಕ್ಕಿಲ್ಲ. ಕೆಲವು ನಂಬಿಕೆಗಳು ಕಚೇರಿಗಳಲ್ಲೂ, ಸಂಘಟಕರಲ್ಲೂ, ಎಷ್ಟೋ ಸಲ ಕಲಾವಿದರ ಮನೆಗಳಲ್ಲೂ ಬೇರುಬಿಟ್ಟಿವೆ. ದೊಡ್ಡಬಳ್ಳಾಪುರದ ಮಗ್ಗುಲಲ್ಲಿ, ಕಾರ್ಖಾನೆಗಳ ನಡುವೆ, ಹಳ್ಳಿತನ ಪೂರ್ತಿ ಕಳಚದೆ ಪಟ್ಟಣ ಪಂಚಾಯಿತಿಯಾದ ಬಾಶೆಟ್ಟಿಹಳ್ಳಿಯಲ್ಲಿ ನಿಂತು ನೋಡಿದರೆ ಅವು ಇನ್ನೂ ನಿಚ್ಚಳವಾಗಿ ಕಾಣುತ್ತವೆ.

ತಪ್ಪು ಕಲ್ಪನೆ: ಅಂಗವಿಕಲ ಕಲಾವಿದರಿಗೆ ಬೇಕಾದದ್ದು ನೆರವು. ನೀತಿ, ಆಡಳಿತ, ಲೆಕ್ಕಪತ್ರ ಅವರ ಕೈಲಾಗುವ ಕೆಲಸವಲ್ಲ.

ವಾಸ್ತವ: ಈ ಮಾತನ್ನು ಬೇರೆ ಎಲ್ಲಾದರೂ ಆಡಬಹುದೇನೋ, ಕರ್ನಾಟಕದಲ್ಲಿ ಆಡುವಂತಿಲ್ಲ. ಗದಗದ ವೀರೇಶ್ವರ ಪುಣ್ಯಾಶ್ರಮವನ್ನು ಕಟ್ಟಿದ ಪಂಚಾಕ್ಷರಿ ಗವಾಯಿಗಳಿಗೆ (1892–1944) ಕಣ್ಣು ಕಾಣುತ್ತಿರಲಿಲ್ಲ. ಊರೂರು ತಿರುಗುವ ಸಂಚಾರಿ ಪಾಠಶಾಲೆಯಾಗಿ ಶುರುವಾದದ್ದು ನೆಲೆ ಕಂಡು ಆಶ್ರಮವಾಯಿತು. ಬಸವರಾಜ ರಾಜಗುರು ಅವರಂಥ ಗಾಯಕರು ಅಲ್ಲಿಂದ ಬಂದರು. 1944ರಲ್ಲಿ ಅದರ ಹೊಣೆ ಹೊತ್ತವರು ಪುಟ್ಟರಾಜ ಗವಾಯಿಗಳು. ಎಳವೆಯಲ್ಲೇ ದೃಷ್ಟಿ ಕಳೆದುಕೊಂಡಿದ್ದ ಅವರು 2010ರಲ್ಲಿ ತೀರಿಕೊಳ್ಳುವವರೆಗೆ, ಅರುವತ್ತಕ್ಕೂ ಹೆಚ್ಚು ವರ್ಷ, ಆ ಸಂಸ್ಥೆಯನ್ನು ನಡೆಸಿದರು.

ಪುಟ್ಟರಾಜ ಗವಾಯಿಗಳ ಹೆಸರೆತ್ತಿದ ಕೂಡಲೇ ನಾವು ಕೈಮುಗಿದು ಸುಮ್ಮನಾಗುತ್ತೇವೆ. ಅವರು ದಿನದಿನ ಮಾಡಿದ್ದೇನೆಂದು ಸ್ವಲ್ಪ ಯೋಚಿಸಿ. ಯಾವ ಮಗುವನ್ನು ಸೇರಿಸಿಕೊಳ್ಳಬೇಕು, ಯಾರಿಗೆ ಹಾಡು, ಯಾರಿಗೆ ತಬಲಾ, ಯಾರಿಗೆ ಪಿಟೀಲು, ಇಷ್ಟು ಜನಕ್ಕೆ ಊಟ ಎಲ್ಲಿಂದ, ದುಡ್ಡು ಸಾಲದಿದ್ದರೆ ಏನು ದಾರಿ? ಆಶ್ರಮದ ಖರ್ಚಿಗಾಗಿ ನಾಟಕ ಕಂಪನಿ ಕಟ್ಟಿ ಊರೂರು ತಿರುಗಿಸಿದರು, ಸ್ವತಃ ನಾಟಕ ಬರೆದರು, ವಿದ್ಯಾರ್ಥಿಗಳಿಗೆ ವೇದಿಕೆಯನ್ನೂ ಒದಗಿಸಿದರು. ಪ್ರವೇಶ, ಪಠ್ಯಕ್ರಮ, ಹಣಕಾಸು, ಉದ್ಯೋಗ ಎಲ್ಲ ಇದರಲ್ಲಿವೆ. ಕಲಾ ನೀತಿ ಎಂದರೆ ಇದಕ್ಕಿಂತ ಹೆಚ್ಚೇನು? ಸರ್ಕಾರದ ಮುದ್ರೆ ಒಂದಿರಲಿಲ್ಲ, ಅಷ್ಟೆ. 2010ರಲ್ಲಿ ಅವರಿಗೆ ಪದ್ಮಭೂಷಣ ಬಂತು, ಅದೇ ವರ್ಷ ಅವರು ಹೋದರು. ಗೌರವಿಸುವುದಕ್ಕೇ ಅಷ್ಟು ತಡಮಾಡುವ ವ್ಯವಸ್ಥೆ ಸಲಹೆ ಕೇಳಲು ಇನ್ನೆಷ್ಟು ತಡಮಾಡೀತು!

ಅಂಚಿನಲ್ಲಿದ್ದವರನ್ನು ಕುರ್ಚಿಯಲ್ಲಿ ಕೂರಿಸಿದ ಉದಾಹರಣೆಗಳು ನಮ್ಮಲ್ಲಿ ಇಲ್ಲದೇ ಇಲ್ಲ. ಪೋಲಿಯೊದಿಂದ ಕೈಕಾಲು ಕಳೆದುಕೊಂಡ ಕೆ.ಎಸ್. ರಾಜಣ್ಣ ರಾಜ್ಯದ ಅಂಗವಿಕಲರ ಆಯುಕ್ತರಾಗಿ ಕೆಲಸ ಮಾಡಿದರು. 2024ರಲ್ಲಿ ಅವರಿಗೆ ಪದ್ಮಶ್ರೀ ಬಂತು. ಜೋಗತಿ ಕಲಾವಿದೆ ಮಂಜಮ್ಮ 2019ರಲ್ಲಿ ಕರ್ನಾಟಕ ಜಾನಪದ ಅಕಾಡೆಮಿಯ ಅಧ್ಯಕ್ಷೆಯಾದರು, ಆ ಸ್ಥಾನಕ್ಕೆ ಬಂದ ಮೊದಲ ಲಿಂಗತ್ವ ಅಲ್ಪಸಂಖ್ಯಾತ ಕಲಾವಿದೆ. ಅಕಾಡೆಮಿಗಳ ಅಧ್ಯಕ್ಷರು, ಸದಸ್ಯರನ್ನು ನೇಮಿಸುವುದು ಸರ್ಕಾರವೇ. ಪಟ್ಟಿ ತಯಾರಿಸುವಾಗ ಜಿಲ್ಲೆ, ಜಾತಿ, ಪ್ರಕಾರ ಎಲ್ಲವನ್ನೂ ತೂಗಿನೋಡುವವರಿಗೆ ಅಂಗವಿಕಲ ಕಲಾವಿದರನ್ನೂ ನೆನೆಸಿಕೊಳ್ಳಲು ಹೊಸ ಕಾಯ್ದೆಯೇನೂ ಬೇಕಿಲ್ಲ.

ತಪ್ಪು ಕಲ್ಪನೆ: ಅವರ ಸಂಗತಿ ಏನಿದ್ದರೂ ವಿಕಲಚೇತನರ ಇಲಾಖೆಗೆ ಸೇರಿದ್ದು. ಕನ್ನಡ ಮತ್ತು ಸಂಸ್ಕೃತಿ ಇಲಾಖೆಗೆ ಅದು ಹೊರಗಿನ ವಿಷಯ.

ವಾಸ್ತವ: ಅಂಗವಿಕಲರ ಹಕ್ಕುಗಳ ಅಧಿನಿಯಮ, 2016ರ 29ನೇ ಕಲಂ ಪೂರ್ತಿಯಾಗಿ ಸಾಂಸ್ಕೃತಿಕ ಬದುಕಿಗೆ, ಮನರಂಜನೆಗೆ ಮೀಸಲು. ಅಂಗವಿಕಲ ಕಲಾವಿದರಿಗೆ, ಬರಹಗಾರರಿಗೆ ಸೌಲಭ್ಯ, ಬೆಂಬಲ, ಪ್ರಾಯೋಜನೆ. ಕಲೆಯೆಲ್ಲ ಅವರಿಗೆ ನಿಲುಕುವಂತೆ ಮಾಡುವುದು. ಕಲಾ ವಿಷಯಗಳ ಕೋರ್ಸುಗಳನ್ನು ಅವರೂ ಕಲಿಯುವಂತೆ ಮರುರೂಪಿಸುವುದು. ಅಂಗವೈಕಲ್ಯದ ಇತಿಹಾಸಕ್ಕೊಂದು ಸಂಗ್ರಹಾಲಯ ಕೂಡ ಅದರ ಪಟ್ಟಿಯಲ್ಲಿದೆ. ಇದನ್ನೆಲ್ಲ ಮಾಡಬೇಕಾದವರು ಸರ್ಕಾರ ಮತ್ತು "ಸ್ಥಳೀಯ ಪ್ರಾಧಿಕಾರಗಳು" ಎನ್ನುತ್ತದೆ ಕಾಯ್ದೆ. ಯಾವುದೇ ಒಂದು ಇಲಾಖೆಯ ಹೆಸರು ಅಲ್ಲಿಲ್ಲ.

ನಮ್ಮಲ್ಲಿ ಆಗುವುದೇ ಬೇರೆ. ಅಂಗವಿಕಲರ ಇಲಾಖೆಗೆ ಹೋದರೆ "ಕಲೆ ಅಂದರೆ ಕನ್ನಡ ಭವನಕ್ಕೆ ಹೋಗಿ", ಕನ್ನಡ ಭವನಕ್ಕೆ ಹೋದರೆ "ಅಂಗವಿಕಲರಿಗೆ ಬೇರೆ ಇಲಾಖೆ ಇದೆಯಲ್ಲ!" ಬಾಶೆಟ್ಟಿಹಳ್ಳಿಯ ಕಲಾವಿದರ ಮಟ್ಟಿಗೆ ಈ ಓಡಾಟದ ಒಂದು ತುದಿ ದೇವನಹಳ್ಳಿ ಕಡೆಯ ಬೀರಸಂದ್ರದ ಜಿಲ್ಲಾಡಳಿತ ಭವನ, ಇನ್ನೊಂದು ತುದಿ ಬೆಂಗಳೂರಿನ ಜೆ.ಸಿ. ರಸ್ತೆಯಲ್ಲಿರುವ, ಸಂಸ್ಕೃತಿ ಇಲಾಖೆಯ ಕನ್ನಡ ಭವನ. ಬರಗೂರು ರಾಮಚಂದ್ರಪ್ಪ ಸಮಿತಿ 2014ರಲ್ಲಿ ಸಾಂಸ್ಕೃತಿಕ ನೀತಿಯ ವರದಿ ಸಲ್ಲಿಸಿದ ಮೇಲೆ ಕಾಲ ಬಹಳ ಸರಿದಿದೆ, 2016ರ ಕಾಯ್ದೆ ಬಂದದ್ದೂ ಆಮೇಲೆಯೇ. ಮುಂದೆ ಆ ನೀತಿಯನ್ನು ಪರಿಷ್ಕರಿಸಲು ಯಾರು ಕುಳಿತರೂ 29ನೇ ಕಲಮನ್ನು ಪಕ್ಕಕ್ಕಿಟ್ಟು ಬರೆಯುವಂತಿಲ್ಲ.

ತಪ್ಪು ಕಲ್ಪನೆ: ಇಳಿಜಾರು ಕಟ್ಟಿಸಿದ್ದೇವೆ, ನಮ್ಮ ಸಭಾಂಗಣ ಎಲ್ಲರಿಗೂ ತೆರೆದಿದೆ.

ವಾಸ್ತವ: ಆ ಇಳಿಜಾರು ಎಲ್ಲಿಯವರೆಗೆ ಹೋಗುತ್ತದೆ ನೋಡಿ. ಹೆಚ್ಚಿನ ಕಡೆ ಬಾಗಿಲವರೆಗೆ, ಹೆಚ್ಚೆಂದರೆ ಪ್ರೇಕ್ಷಕರ ಕುರ್ಚಿಯವರೆಗೆ. ವೇದಿಕೆಗೆ ಹತ್ತಲು ಮೆಟ್ಟಿಲೇ. ಗ್ರೀನ್‌ರೂಮಿಗೂ ಮೆಟ್ಟಿಲು, ಅಲ್ಲಿನ ಶೌಚಾಲಯದ ಬಾಗಿಲು ಗಾಲಿಕುರ್ಚಿ ನುಗ್ಗದಷ್ಟು ಕಿರಿದು. ಅಂಗವಿಕಲ ವ್ಯಕ್ತಿ ನೋಡಲು ಬಂದಾನು ಎಂಬ ಊಹೆ ನಕ್ಷೆ ಬರೆದವರಿಗಿತ್ತು. ಬಣ್ಣ ಹಚ್ಚಿಕೊಂಡು ಆಡಲು ಬಂದಾನು ಎಂಬುದು ಹೊಳೆದಿರಲಿಲ್ಲ. ನಕ್ಷೆಯ ಹಂತದಲ್ಲಿ ಒಬ್ಬ ನಟ, ಒಬ್ಬ ಹಾಡುಗಾರ್ತಿ ಕೂತಿದ್ದರೆ ಹತ್ತು ನಿಮಿಷದಲ್ಲಿ ಹೇಳಿಬಿಡುತ್ತಿದ್ದರು. ಕಟ್ಟಿದ ಮೇಲೆ ಒಡೆಯುವ ಖರ್ಚೂ ಉಳಿಯುತ್ತಿತ್ತು.

ನಮ್ಮ ಸೀಮೆಯ ರಾತ್ರಿಯಿಡೀ ನಡೆಯುವ ಪೌರಾಣಿಕ ನಾಟಕಗಳ ಕಥೆ ಇನ್ನೊಂದು. ಬಾಡಿಗೆಗೆ ತಂದ ಸೀನರಿ, ಹಲಗೆ ಜೋಡಿಸಿದ ಅಟ್ಟ, ಹಿಂದೆ ಕಡಿದಾದ ಏಣಿಯಂಥ ಮೆಟ್ಟಿಲು. ಈ ವೇದಿಕೆ ಹಾಕುವವರಿಗೆ ಅಂಗಳದ ಮಟ್ಟದಿಂದ ಒಂದು ಬದಿ ಇಳಿಜಾರು ಹಲಗೆ ಇಡುವುದು ಕಷ್ಟವೇನಲ್ಲ. ಇಲಾಖೆ ಪ್ರಾಯೋಜಿಸುವ ಕಾರ್ಯಕ್ರಮಗಳ ಷರತ್ತಿನಲ್ಲಿ ಅದೊಂದು ಸಾಲು ಸೇರಿದರೆ ಸಾಕು.

ಇದು ಬರೀ ಸೌಜನ್ಯದ ಮಾತೂ ಅಲ್ಲ. 2024ರ ನವೆಂಬರ್ 8ರಂದು ರಾಜೀವ್ ರತೂರಿ ಪ್ರಕರಣದಲ್ಲಿ ಸುಪ್ರೀಂ ಕೋರ್ಟ್, ಸುಗಮ್ಯತೆಯ ಮಾನದಂಡಗಳನ್ನು ಬರೀ ಸಲಹೆಯ ಮಟ್ಟಕ್ಕೆ ಇಳಿಸಿದ್ದ ಕೇಂದ್ರದ ನಿಯಮ ಮೂಲ ಕಾಯ್ದೆಗೇ ವಿರುದ್ಧ ಎಂದು ಹೇಳಿ, ಕಡ್ಡಾಯ ನಿಯಮ ರೂಪಿಸಲು ಮೂರು ತಿಂಗಳ ಗಡುವು ಕೊಟ್ಟಿತು.

ತಪ್ಪು ಕಲ್ಪನೆ: ನಿಯಮ ಎಲ್ಲರಿಗೂ ಒಂದೇ. ಅದರಲ್ಲಿ ತಾರತಮ್ಯ ಎಲ್ಲಿಂದ ಬಂತು?

ವಾಸ್ತವ: ಕೆ.ಎಸ್.ಆರ್.ಟಿ.ಸಿ.ಯಲ್ಲಿ ಅಂಗವಿಕಲರಿಗೆ ರಿಯಾಯಿತಿ ಪಾಸ್ ಇದೆ. ಅಂಧರದು ಬೇರೆ ವ್ಯವಸ್ಥೆ. ಉಳಿದವರ ಪಾಸ್ ವಾಸಸ್ಥಳದಿಂದ 100 ಕಿಲೋಮೀಟರ್‌ವರೆಗೆ ನಡೆಯುತ್ತದೆ. ಆಸ್ಪತ್ರೆಗೆ, ಕೆಲಸಕ್ಕೆ ಹೋಗಿಬರುವವರಿಗೆ ಅಷ್ಟು ಸಾಕು, ಒಳ್ಳೆಯ ಯೋಜನೆ. ಆದರೆ ಕಲಾವಿದರ ಕಸುಬೇ ತಿರುಗಾಟ. ಬಾಶೆಟ್ಟಿಹಳ್ಳಿಯಿಂದ ಮೈಸೂರಿನ ದಸರಾಕ್ಕೋ ಹಂಪಿಯ ಉತ್ಸವಕ್ಕೋ ಹೊರಟ ಕಲಾವಿದೆಗೆ ಪಾಸು ಅರ್ಧ ದಾರಿಯಲ್ಲೇ ಕೈಬಿಡುತ್ತದೆ. (ಮಹಿಳೆಯಾದ್ದರಿಂದ 2023ರಿಂದ ಆಕೆಗೆ ಉಚಿತ ಬಸ್ ಪ್ರಯಾಣದ ಶಕ್ತಿ ಯೋಜನೆ ಇದೆ. ಪಾಪ, ಜೊತೆಗೆ ಬರುವ ಅಣ್ಣನಿಗೆ ಅದೂ ಇಲ್ಲ.) ಪಾಸಿನ ನಿಯಮ ಬರೆದ ಕೋಣೆಯಲ್ಲಿ ಕಲಾವಿದರು ಇರಲಿಲ್ಲ ಎಂಬುದು ನಿಯಮವನ್ನು ಓದಿದರೇ ಗೊತ್ತಾಗುತ್ತದೆ.

ಅರ್ಜಿಗಳ ಮಾತೂ ಹಾಗೆಯೇ. ಧನಸಹಾಯದ ಪ್ರಕಟಣೆ, ಸುತ್ತೋಲೆಗಳು ಎಷ್ಟೋ ಸಲ ಕಾಗದವನ್ನು ಸ್ಕ್ಯಾನ್ ಮಾಡಿದ ಪಿಡಿಎಫ್ ಆಗಿರುತ್ತವೆ. ಮೊಬೈಲಿನ, ಕಂಪ್ಯೂಟರಿನ ಓದುತಂತ್ರಾಂಶಕ್ಕೆ ಅದು ಬರೀ ಚಿತ್ರ. ಯೂನಿಕೋಡ್ ಅಲ್ಲದ ಹಳೆಯ ಫಾಂಟಿನಲ್ಲಿ ಟೈಪಿಸಿದ್ದಾದರೆ ಕನ್ನಡದ ಬದಲು ಇಂಗ್ಲಿಷ್ ಅಕ್ಷರಗಳ ಕಲಸುಮೇಲೋಗರ ಕಿವಿಗೆ ಬೀಳುತ್ತದೆ. ಪ್ರಪಂಚದಾದ್ಯಂತ ಅಂಧರು ಬಳಸುವ ಎನ್‌ವಿಡಿಎ ಎಂಬ ಉಚಿತ ಓದುತಂತ್ರಾಂಶವನ್ನು ಶುರುಮಾಡಿದವರು ಆಸ್ಟ್ರೇಲಿಯಾದ ಇಬ್ಬರು ಅಂಧ ಯುವಕರು. ತೊಂದರೆ ಎಲ್ಲಿ ಚುಚ್ಚುತ್ತದೆಂದು ಬಲ್ಲವರು ಮಾಡಿದ್ದರಿಂದಲೇ ಅದು ಅಷ್ಟು ಕೆಲಸಕ್ಕೆ ಬಂತು. ಸುತ್ತೋಲೆಯನ್ನು ಯೂನಿಕೋಡಿನಲ್ಲಿ ಹಾಕಿ ಎಂದು ಹೇಳಲು ತಜ್ಞರ ಸಮಿತಿ ಬೇಕಿಲ್ಲ, ಅದನ್ನು ಓದಲಾಗದೆ ಕೊನೆಯ ದಿನಾಂಕ ತಪ್ಪಿಸಿಕೊಂಡ ಒಬ್ಬ ಹಾರ್ಮೋನಿಯಂ ವಾದಕ ಸಾಕು.

ಸಂತೆಗಳಲ್ಲಿ, ಬಸ್ ನಿಲ್ದಾಣಗಳಲ್ಲಿ ಮೈಕ್ ಇಟ್ಟುಕೊಂಡು ರಾಜ್‌ಕುಮಾರ್ ಹಾಡು ಹಾಡುವ ಅಂಧರ ಆರ್ಕೆಸ್ಟ್ರಾಗಳನ್ನು ಎಲ್ಲರೂ ನೋಡಿದ್ದೇವೆ. ನೋಂದಣಿ ಪತ್ರ, ಲೆಕ್ಕಪರಿಶೋಧನೆಯ ವರದಿ ಕೇಳುವ ಯೋಜನೆಗಳಿಗೆ ಅವರು ಕಲಾತಂಡವೇ ಅಲ್ಲ. ಡಬ್ಬಿಗೆ ಬಿದ್ದ ಚಿಲ್ಲರೆಗೆ ಆಡಿಟ್ ಎಲ್ಲಿಂದ ತರುತ್ತಾರೆ?

ತಪ್ಪು ಕಲ್ಪನೆ: ಒಬ್ಬರನ್ನು ಕರೆದರೆ ಎಲ್ಲರನ್ನೂ ಕರೆದಂತೆ. ಇಲ್ಲವೇ, ಅವರಿಗಾಗಿ ದುಡಿಯುವ ಸಂಸ್ಥೆಯವರು ಬಂದರೆ ಸಾಕು.

ವಾಸ್ತವ: ಕಾಯ್ದೆಯೇ 21 ಬಗೆಯ ಅಂಗವೈಕಲ್ಯಗಳನ್ನು ಗುರುತಿಸಿದೆ. ಅಂಧ ಗಾಯಕನಿಗೆ ಸಭಾಂಗಣದ ಪ್ರತಿಧ್ವನಿಯೇ ದಿಕ್ಸೂಚಿ, ಕಿವುಡ ಚಿತ್ರಕಾರ್ತಿಗೆ ಸಂಜ್ಞಾಭಾಷೆಯ ದುಭಾಷಿ ಇಲ್ಲದ ಸಭೆ ಎಂದರೆ ತುಟಿಗಳ ಚಲನೆ ಮಾತ್ರ. ಒಬ್ಬರು ಇನ್ನೊಬ್ಬರ ಪರ ಎಷ್ಟು ಹೇಳಿಯಾರು? ಇನ್ನು ಸಂಸ್ಥೆಗಳು. ಅವುಗಳ ಸೇವೆ ದೊಡ್ಡದು. ಆದರೂ ಅಂಗವಿಕಲರಿಗಾಗಿ ನಡೆಯುವ ಸಂಸ್ಥೆ ಬೇರೆ, ಅಂಗವಿಕಲರೇ ನಡೆಸುವ ಸಂಘ ಬೇರೆ; ಸಮಾಲೋಚನೆಯಲ್ಲಿ ಎರಡನೆಯದಕ್ಕೆ ಮೊದಲ ಮಣೆ ಎಂದು ವಿಶ್ವಸಂಸ್ಥೆಯ ಅಂಗವಿಕಲರ ಹಕ್ಕುಗಳ ಸಮಿತಿ 2018ರಲ್ಲೇ ಸ್ಪಷ್ಟಪಡಿಸಿದೆ. ಅಂಗವಿಕಲರ ಹಕ್ಕುಗಳ ಒಡಂಬಡಿಕೆಯನ್ನು ಭಾರತ 2007ರಲ್ಲೇ ಒಪ್ಪಿಕೊಂಡಿದೆ. ಅದರ 30ನೇ ವಿಧಿ ಕಲಾವಿದರ ಪ್ರತಿಭೆಯನ್ನು ಅವರ ಸ್ವಂತ ಒಳಿತಿಗಷ್ಟೇ ಅಲ್ಲ, ಇಡೀ ಸಮಾಜದ ಸಿರಿವಂತಿಕೆಗೆ ಎಂದು ಕಾಣುತ್ತದೆ. ನನಗೆ ಇಷ್ಟವಾಗುವ ಮಾತು ಅದು, ದಯೆಯ ವಾಸನೆಯೇ ಇಲ್ಲ.

ಸಭೆಗೆ ಬರುವವರಿಗೆ ಭತ್ಯೆ ಕೊಡಬೇಕು, ಜೊತೆಗಾರರ ಬಸ್ ಚಾರ್ಜನ್ನೂ ಸೇರಿಸಬೇಕು. ಸಲಹೆ ಪುಕ್ಕಟೆ ಎಂದುಕೊಂಡರೆ ಬರುವವರು ಅನುಕೂಲಸ್ಥರು ಮಾತ್ರ.

ತಪ್ಪು ಕಲ್ಪನೆ: ಅವರ ಮಾತು ಕೇಳುತ್ತ ಹೋದರೆ ಕಲೆಯ ಗುಣಮಟ್ಟ ಇಳಿಯುತ್ತದೆ, ಸೃಜನಶೀಲ ಸ್ವಾತಂತ್ರ್ಯಕ್ಕೂ ಅಡ್ಡಿ.

ವಾಸ್ತವ: 2024ರ ಜುಲೈ 8ರಂದು, ನಿಪುಣ್ ಮಲ್ಹೋತ್ರಾ ಪ್ರಕರಣದಲ್ಲಿ, ಒಂದು ಹಿಂದಿ ಸಿನಿಮಾದಲ್ಲಿ ಅಂಗವಿಕಲರನ್ನು ಲೇವಡಿ ಮಾಡಲಾಗಿದೆ ಎಂಬ ದೂರಿನ ಮೇಲೆ ಸುಪ್ರೀಂ ಕೋರ್ಟ್ ತೀರ್ಪು ಕೊಟ್ಟಿತು. ಸಿನಿಮಾಕ್ಕೆ ಕತ್ತರಿ ಹಾಕಲಿಲ್ಲ. ಅಂಗವೈಕಲ್ಯವನ್ನು ಅರ್ಥಮಾಡಿಸುವ ಹಾಸ್ಯವೇ ಬೇರೆ, ಅಂಗವಿಕಲರನ್ನು ಕುಗ್ಗಿಸುವ ಹಾಸ್ಯವೇ ಬೇರೆ ಎಂದು ಗೆರೆ ಎಳೆದು, ಸಿನಿಮಾಗಳನ್ನು ಪರಿಶೀಲಿಸುವ ಸಮಿತಿಗಳಲ್ಲಿ ಅಂಗವಿಕಲರಿಗೂ ಪಾಲಿರಬೇಕೆಂದಿತು. ಸ್ವಾತಂತ್ರ್ಯಕ್ಕೆ ಇದರಿಂದ ಏನು ಕುಂದು ಬಂತೋ ನನಗೆ ತಿಳಿಯದು. ಗುಣಮಟ್ಟದ ಮಾತಿಗೆ ಬ್ರಿಟನ್ನಿನ 'ಅನ್‌ಲಿಮಿಟೆಡ್' ನೋಡಬಹುದು. 2012ರ ಲಂಡನ್ ಒಲಿಂಪಿಕ್ಸ್ ಹೊತ್ತಿನ ಸಾಂಸ್ಕೃತಿಕ ಉತ್ಸವದೊಂದಿಗೆ ಬೆಳೆದ ಆ ಕಾರ್ಯಕ್ರಮ ಅಂಗವಿಕಲ ಕಲಾವಿದರಿಗೆ ಮಾಸಾಶನ ಕೊಡಲಿಲ್ಲ, ಹೊಸ ಕೃತಿ ಮಾಡಿಕೊಡಿ ಎಂದು ಕೆಲಸ ಕೊಟ್ಟಿತು.

ತಪ್ಪು ಕಲ್ಪನೆ: ನೀತಿ ಎಂದರೆ ವಿಧಾನಸೌಧದ ವಿಚಾರ. ಬಾಶೆಟ್ಟಿಹಳ್ಳಿಯಲ್ಲಿ ಏನು ಮಾಡಲಾದೀತು?

ವಾಸ್ತವ: ಕಾಯ್ದೆಯ "ಸ್ಥಳೀಯ ಪ್ರಾಧಿಕಾರ" ಎಂಬ ಮಾತಿನೊಳಗೆ ಪಟ್ಟಣ ಪಂಚಾಯಿತಿಯೂ ಬರುತ್ತದೆ. ನಗರ ಸ್ಥಳೀಯ ಸಂಸ್ಥೆಗಳ ಕ್ರಿಯಾ ಯೋಜನೆಯಲ್ಲಿ ಅಂಗವಿಕಲರಿಗೆಂದು ಶೇ 5ರಷ್ಟು ಹಣ ತೆಗೆದಿಡುವ ಪದ್ಧತಿ ಇದೆ. ಅದು ಸಾಮಾನ್ಯವಾಗಿ ತ್ರಿಚಕ್ರ ವಾಹನ, ಶ್ರವಣ ಸಾಧನ, ವೈದ್ಯಕೀಯ ನೆರವಿಗೆ ಹೋಗುತ್ತದೆ, ಹೋಗಲಿ. ಅದರಲ್ಲೇ ಒಂದು ತಬಲಾ ಜೋಡಿಯೋ ಕೀಬೋರ್ಡೋ ಬೇಕೆಂದು ಯಾರಾದರೂ ಕೇಳಿದರೆ "ಇದು ಅಗತ್ಯವಲ್ಲ" ಎಂದು ತಳ್ಳಿಹಾಕಬಾರದು. ಅವರಿಗೆ ಅದು ದುಡಿಮೆಯ ಸಾಧನ. ಇನ್ನು ರಾಜ್ಯೋತ್ಸವದ ವೇದಿಕೆಗೆ ಇಳಿಜಾರು, ಭಾಷಣಕ್ಕೆ ಸಂಜ್ಞಾಭಾಷೆಯವರು ಎಂದರೆ ಆ ಖರ್ಚನ್ನು ರಾಜ್ಯೋತ್ಸವದ ಲೆಕ್ಕದಲ್ಲೇ ಹಾಕಬೇಕು. ಶೇ 5ಕ್ಕೆ ಕೈಹಾಕುವುದು ತಪ್ಪು.

ಬಜೆಟ್ಟಿಗೆ ಮುಂಚೆ ಸಾರ್ವಜನಿಕರ ಅಭಿಪ್ರಾಯ ಕೇಳುವ ಪೂರ್ವಭಾವಿ ಸಭೆ ಅನೇಕ ಪಟ್ಟಣಗಳಲ್ಲಿ ನಡೆಯುತ್ತದೆ. ಆದರೆ ಅದಕ್ಕೆಂದು ಸೂಚನಾ ಫಲಕಕ್ಕೆ ಅಂಟಿಸಿದ ನೋಟಿಸನ್ನು ಕಣ್ಣಿಲ್ಲದವರು ಓದಲಾರರು. ಅಂಗವಿಕಲರಿಗಾಗಿ ಕೆಲಸ ಮಾಡುವ ಪುನರ್ವಸತಿ ಕಾರ್ಯಕರ್ತರ ಬಳಿ ಅವರ ಫೋನ್ ನಂಬರುಗಳಿರುತ್ತವೆ; ಅವರಲ್ಲಿ ಹಾಡುವವರು, ಬರೆಯುವವರು, ಬಣ್ಣ ಹಚ್ಚುವವರು ಯಾರೆಂದು ಕೇಳಿ ಒಂದು ಪಟ್ಟಿ ಮಾಡಿಕೊಂಡು, ವಾರ ಮುಂಚೆ ಫೋನ್ ಮಾಡಿ, ಸಭೆಯನ್ನು ನೆಲಮಾಳಿಗೆಯಲ್ಲೂ ಅಲ್ಲ, ಮೊದಲ ಮಹಡಿಯಲ್ಲೂ ಅಲ್ಲ, ರಸ್ತೆಯ ಮಟ್ಟದ ಕೋಣೆಯಲ್ಲಿ ಇಟ್ಟುಕೊಳ್ಳಬಹುದು. ಅವರು ಹೇಳಿದ್ದರಲ್ಲಿ ಯಾವುದನ್ನು ಒಪ್ಪಿದಿರಿ, ಯಾವುದನ್ನು ಬಿಟ್ಟಿರಿ, ಏಕೆ ಬಿಟ್ಟಿರಿ ಎಂಬುದನ್ನೂ ನಡಾವಳಿಯಲ್ಲಿ ಬರೆದು ಅವರಿಗೆ ಓದಿಹೇಳಬೇಕು.