ಕಾವು ಮತ್ತು ತಡೆ

ಬಳ್ಳಾರಿಗೆ ಎರಡೇ ಋತುಗಳು, ಒಂದು ಬೇಸಗೆ, ಇನ್ನೊಂದು ಕಡುಬೇಸಗೆ ಎಂಬ ಮಾತು ನಮ್ಮಲ್ಲಿ ಹಳೆಯದು. ಏಪ್ರಿಲ್, ಮೇ ತಿಂಗಳುಗಳಲ್ಲಿ ಹಗಲಿನ ಉಷ್ಣತೆ 40 ಡಿಗ್ರಿ ಸೆಲ್ಸಿಯಸನ್ನು ದಾಟುವ ಈ ಸೀಮೆಯವರ ಮುಂದೆ ಕಾವಿನ ಗುಣಗಳನ್ನು ವರ್ಣಿಸಹೊರಡುವುದು ಸಾಹಸವೇ ಸರಿ. ಆದರೂ ಇಂದು ನಾನು ಹೇಳಬೇಕೆಂದಿರುವುದು ಅದನ್ನೇ. ಇಸ್ತ್ರಿಪೆಟ್ಟಿಗೆ, ವಿದ್ಯುತ್ ಒಲೆ, ನೀರು ಕಾಯಿಸುವ ಸಾಧನ, ಇವುಗಳೊಳಗಿನ ತಂತಿ ಕೆಂಪಗೆ ಕಾದಾಗ ಅದರ ಸ್ವಭಾವ ಎಷ್ಟು ಬದಲಾಗುತ್ತದೆ? ಅದಕ್ಕೆ ವಿದ್ಯುತ್ತನ್ನು ಹೊತ್ತು ತರುವ ಗೋಡೆಯೊಳಗಿನ ತಂತಿಯ ಸ್ವಭಾವ ಎಷ್ಟು ಬದಲಾಗುತ್ತದೆ? ಈ ಎರಡು ಪ್ರಶ್ನೆಗಳ ನಡುವೆ ನಮ್ಮ ಮನೆಗಳ ಕ್ಷೇಮ ಅಡಗಿದೆ.

ಜೀವಮಾನವೆಲ್ಲ ಕನ್ನಡ ಪಾಠ ಹೇಳಿದವನಾದ್ದರಿಂದ ಮೊದಲು ಪದವನ್ನು ಬಿಡಿಸಿಕೊಳ್ಳುತ್ತೇನೆ. ತಂತಿಯೊಂದು ತನ್ನಲ್ಲಿ ಹರಿಯುವ ವಿದ್ಯುತ್ತಿಗೆ ಒಡ್ಡುವ ತಡೆಗೆ ವಿಜ್ಞಾನದ ಪುಸ್ತಕಗಳು ರೋಧ ಎಂದು ಹೆಸರಿಟ್ಟಿವೆ. ಇದರ ನಿಯಮವನ್ನು 1827ರಲ್ಲಿ ಪ್ರಕಟಿಸಿದವನು ಜರ್ಮನಿಯ ಗಿಯೋರ್ಗ್ ಓಮ್. ರೋಧವನ್ನು ಅಳೆಯುವ ಮಾನಕ್ಕೂ ಅವನದೇ ಹೆಸರು. ನಮ್ಮ ಮನೆಗಳಿಗೆ ಬರುವ 230 ವೋಲ್ಟಿನ ಒತ್ತಡದಲ್ಲಿ ಕೆಲಸ ಮಾಡುವ 1000 ವಾಟಿನ ಇಸ್ತ್ರಿಪೆಟ್ಟಿಗೆಯ ತಂತಿಗೆ ಸುಮಾರು 53 ಓಮ್ ರೋಧವಿರುತ್ತದೆ; ಅದರಲ್ಲಿ ಹರಿಯುವ ಪ್ರವಾಹ 4 ಆಂಪಿಯರಿಗಿಂತ ತುಸು ಹೆಚ್ಚು.

ಲೋಹ ಕಾದಂತೆ ಅದರ ರೋಧ ಏರುತ್ತದೆ. ಕಾರಣ ಹೀಗೆ. ಶುದ್ಧ ಲೋಹದಲ್ಲಿ ಪರಮಾಣುಗಳು ಅಚ್ಚುಕಟ್ಟಾದ ಸಾಲುಗಳಲ್ಲಿ ನಿಂತಿರುತ್ತವೆ. ರಥಬೀದಿಯಲ್ಲಿ ಜನ ಸಾಲಾಗಿ ನಿಂತಿದ್ದರೆ ನಡುವೆ ನುಸುಳಿ ಹೋಗುವವನಿಗೆ ಕಷ್ಟವಿಲ್ಲ. ಸಾಲಿನವರೆಲ್ಲ ತೂಗಾಡತೊಡಗಿದರೆ ಹೆಜ್ಜೆ ಹೆಜ್ಜೆಗೂ ಡಿಕ್ಕಿ. ಕಾವೇರಿದಂತೆ ಪರಮಾಣುಗಳ ತೂಗಾಟ ಹೆಚ್ಚುತ್ತದೆ, ಎಲೆಕ್ಟ್ರಾನುಗಳ ದಾರಿ ಕಠಿಣವಾಗುತ್ತದೆ. ನಮ್ಮ ಸಂಡೂರಿನ ಬೆಟ್ಟಗಳಲ್ಲಿ ಅದಿರಾಗಿ ಮಲಗಿರುವ ಕಬ್ಬಿಣವನ್ನೇ ತೆಗೆದುಕೊಳ್ಳೋಣ. ಅದನ್ನು ಶುದ್ಧಿಮಾಡಿ ಎಳೆದ ತಂತಿಯನ್ನು 800 ಡಿಗ್ರಿಗೆ ಕಾಯಿಸಿದರೆ ರೋಧ ಸುಮಾರು ಹತ್ತು ಪಟ್ಟಾಗುತ್ತದೆ. ಅಂಥ ತಂತಿಯಿಂದ ಒಲೆ ಮಾಡಿದರೆ ಗುಂಡಿ ಒತ್ತಿದ ಕ್ಷಣದಲ್ಲಿ ಅದು ಪ್ರವಾಹವನ್ನು ಹತ್ತು ಪಾಲು ಸೆಳೆದುಕೊಂಡು, ಕಾದ ಮೇಲೆ ತಣ್ಣಗೆ ಕೂರುತ್ತದೆ. ಕೆಲವೇ ದಿನಗಳಲ್ಲಿ ಗಾಳಿಗೆ ಸುಟ್ಟು ಪುಡಿಯಾಗುತ್ತದೆ. ಹಳೆಯ ಟಂಗ್‌ಸ್ಟನ್ ಬಲ್ಬುಗಳು ಬಹುತೇಕ ಹೊತ್ತಿಸಿದ ಕ್ಷಣದಲ್ಲೇ ಕಣ್ಣು ಮುಚ್ಚುತ್ತಿದ್ದುದಕ್ಕೆ ಈ ಮೊದಲ ನೂಕುಗ್ಗಲೇ ಕಾರಣ.

ಇದಕ್ಕೆ ಪರಿಹಾರ ದೊರೆತದ್ದು ಇಪ್ಪತ್ತನೆಯ ಶತಮಾನದ ಆರಂಭದಲ್ಲಿ. ಅಮೆರಿಕದ ಆಲ್ಬರ್ಟ್ ಮಾರ್ಷ್ ನಿಕ್ಕಲ್ ಮತ್ತು ಕ್ರೋಮಿಯಮ್‌ಗಳನ್ನು ಕೂಡಿಸಿದ ಮಿಶ್ರಲೋಹಕ್ಕೆ 1906ರಲ್ಲಿ ಪೇಟೆಂಟ್ ಪಡೆದ. ನಾವು ನೈಕ್ರೋಮ್ ಎನ್ನುವುದು ಇದನ್ನೇ. ಸಾಮಾನ್ಯವಾಗಿ ನೂರಕ್ಕೆ 80 ಪಾಲು ನಿಕ್ಕಲ್, 20 ಪಾಲು ಕ್ರೋಮಿಯಮ್. ಇಲ್ಲಿ ಸಾಲುಗಳು ಮೊದಲೇ ಕದಡಿಹೋಗಿವೆ. ಸಂತೆಯ ಗದ್ದಲದಲ್ಲಿ ನಾಲ್ಕು ಜನ ಹೆಚ್ಚು ತೂಗಾಡಿದರೆ ನುಸುಳುವವನಿಗೆ ಅಂಥ ವ್ಯತ್ಯಾಸವೇನೂ ಆಗದು. ಆದ್ದರಿಂದ ಇದರ ರೋಧ ತಣ್ಣಗಿರುವಾಗಲೇ ತಾಮ್ರದ ಅರವತ್ತು ಪಟ್ಟಿಗೂ ಹೆಚ್ಚು. ಕೆಂಪಗೆ ಕಾದರೂ ಏರುವುದು ನೂರಕ್ಕೆ ಹತ್ತನ್ನು ಮೀರದು. ಮೇಲೆ ಕ್ರೋಮಿಯಮ್ ಆಕ್ಸೈಡಿನ ತೆಳುಪೊರೆ ಕವಚದಂತೆ ಕೂತು ತಂತಿಯನ್ನು ಗಾಳಿಯಿಂದ ಕಾಯುತ್ತದೆ.

ಆದರೆ ಈ ಸ್ಥೈರ್ಯಕ್ಕೆ ಒಂದು ಮಗ್ಗುಲಿನ ದೋಷವೂ ಉಂಟು. ನೀರಿನಲ್ಲಿ ಮುಳುಗಿಸುವ ಕಾವಿನ ಕೋಲನ್ನು ಖಾಲಿ ಬಕೆಟ್ಟಿನಲ್ಲಿ ಮರೆತರೆ, ಅದು ತಾನಾಗಿ ಹಿಂಜರಿಯುವುದಿಲ್ಲ. ಕಾವನ್ನು ಒಯ್ಯುವ ನೀರಿಲ್ಲದಿದ್ದರೂ ಹೆಚ್ಚುಕಡಿಮೆ ಅದೇ 1000 ವಾಟನ್ನು ಸುರಿಸುತ್ತಲೇ ಹೋಗಿ ಕಡೆಗೆ ಸುಟ್ಟುಹೋಗುತ್ತದೆ. ಇಸ್ತ್ರಿಪೆಟ್ಟಿಗೆಗೆ ಥರ್ಮೋಸ್ಟಾಟ್ ಎಂಬ ಕಾವಲುಗಾರನನ್ನು ಇಟ್ಟಿರುವುದು ಇದಕ್ಕೇ. ಇದಕ್ಕೆ ತದ್ವಿರುದ್ಧ ಗುಣದ ಪದಾರ್ಥಗಳೂ ಇವೆ. ಬೇರಿಯಮ್ ಟೈಟನೇಟ್ ಮೂಲದ ಪಿಂಗಾಣಿ ಬಿಲ್ಲೆ ಒಂದು ಗೊತ್ತಾದ ಉಷ್ಣತೆ ಮುಟ್ಟಿದೊಡನೆ ತನ್ನ ರೋಧವನ್ನು ನೂರಾರು ಪಟ್ಟು ಏರಿಸಿಕೊಂಡು ತನ್ನನ್ನು ತಾನೇ ತಡೆಯುತ್ತದೆ. ಸೊಳ್ಳೆ ಓಡಿಸುವ ದ್ರವದ ಪುಟ್ಟ ಯಂತ್ರಗಳಲ್ಲಿ ಸಾಮಾನ್ಯವಾಗಿ ಇರುವುದು ಇಂಥ ಸಂಯಮಿ.

ಈಗ ಗೋಡೆಯೊಳಗಿನ ತಂತಿಗೆ ಬರೋಣ. ರೋಧ ಏರಿದರೆ ಕಾವು ಹೆಚ್ಚುತ್ತದೆಯೋ ತಗ್ಗುತ್ತದೆಯೋ ಎಂದು ಕೇಳಿದರೆ ಎರಡೂ ಉತ್ತರಗಳು ನಿಜ. ಇಸ್ತ್ರಿಪೆಟ್ಟಿಗೆಯ ಮೇಲೆ ಬೀಳುವ ಒತ್ತಡ ನಿಗದಿಯಾದದ್ದು. ಅದರ ರೋಧ ಏರಿದರೆ ಪ್ರವಾಹ ತಗ್ಗಿ ಕಾವೂ ಇಳಿಯುತ್ತದೆ. ಆದರೆ ಒಯ್ಯುವ ತಂತಿಯಲ್ಲಿ ಪ್ರವಾಹವನ್ನು ನಿರ್ಧರಿಸುವುದು ತುದಿಯಲ್ಲಿರುವ ಉಪಕರಣ. ಅದು ಬೇಡಿದಷ್ಟನ್ನು ಈ ಕೂಲಿಯಾಳು ಹೊರಲೇಬೇಕು; ದಾರಿ ಕಠಿಣವಾದಷ್ಟೂ ಬೆವರು ಹೆಚ್ಚು.

ತಾಮ್ರದ ರೋಧ ಡಿಗ್ರಿಯೊಂದಕ್ಕೆ ನೂರಕ್ಕೆ 0.39ರಂತೆ ಏರುತ್ತದೆ. ತಂತಿ 20 ಡಿಗ್ರಿಯಿಂದ 45 ಡಿಗ್ರಿಗೆ ಕಾದರೆ ಏರಿಕೆ ನೂರಕ್ಕೆ ಹತ್ತರಷ್ಟಾಯಿತು. ಬಳ್ಳಾರಿಯ ಜೀನ್ಸ್ ಉಡುಪುಗಳ ಪುಟ್ಟ ಕಾರ್ಖಾನೆಯೊಂದನ್ನು ನೆನೆಯಿರಿ: ತಗಡಿನ ಮಾಡು, ಒಂದೇ ತಂತಿಯ ತುದಿಗೆ 1000 ವಾಟಿನ ಎರಡು ಇಸ್ತ್ರಿಪೆಟ್ಟಿಗೆ. ಹೋಗಿಬರುವ ತಂತಿಯ ಒಟ್ಟು ರೋಧ ಅರ್ಧ ಓಮ್ ಇದ್ದರೆ ಅದರಲ್ಲೇ ಸುಮಾರು 38 ವಾಟ್ ಕಾವು ಹುಟ್ಟುತ್ತದೆ. ಬೇಸಗೆಯಲ್ಲಿ 41ನ್ನು ದಾಟುತ್ತದೆ. ಅಲ್ಪ ವ್ಯತ್ಯಾಸವೆನಿಸಬಹುದು. ಆದರೆ ತಂತಿಯ ಹೊದಿಕೆಯಾದ ಸಾಮಾನ್ಯ ಪಿವಿಸಿ ತಾಳುವುದು 70 ಡಿಗ್ರಿಯವರೆಗೆ. ಸುತ್ತಲ ಗಾಳಿ 30 ಡಿಗ್ರಿ ಇದ್ದಾಗ 40 ಡಿಗ್ರಿಗಳ ಅವಕಾಶ. 45 ಆದಾಗ ಉಳಿದದ್ದು 25 ಮಾತ್ರ. ಹುಟ್ಟುವ ಕಾವು ಹೆಚ್ಚುತ್ತದೆ, ಸಹಿಸುವ ಎಡೆ ಕುಗ್ಗುತ್ತದೆ. ತಂತಿ ಕಾದಷ್ಟೂ ರೋಧ, ರೋಧ ಏರಿದಷ್ಟೂ ಕಾವು. ಹೊದಿಕೆ ಬಿರಿಯುವುದು, ಕಿಡಿ ಹಾರುವುದು ಈ ಜಾಡಿನಲ್ಲೇ.

ಆದುದರಿಂದ ಇಸ್ತ್ರಿಪೆಟ್ಟಿಗೆಯ ಮೇಲೆ ನೀರು ಚಿಮುಕಿಸಿ ಕಾವು ನೋಡುವ ನಾವು, ಒಮ್ಮೆ ಅದರ ಹಿಂದಿನ ತಂತಿಯನ್ನೂ ಗಮನಿಸಬೇಕು. ಕಾವಿನ ಉಪಕರಣಕ್ಕೆ ದಪ್ಪನೆಯ ತಂತಿ ಇರಲಿ. ಉದ್ದದ ತಂತಿಯನ್ನು ಸುರುಳಿ ಸುತ್ತಿಟ್ಟು ಬಳಸುವುದು ಬೇಡ, ಕಾವು ಹೊರಹೋಗಲಾರದು. ಪ್ಲಗ್ಗು ಬಿಸಿಯಾದರೆ ಜೋಡಣೆ ಸಡಿಲವಾಗಿದೆಯೆಂದು ತಿಳಿದು ಸರಿಪಡಿಸಿಕೊಳ್ಳಬೇಕು. ತುಂಡಾದ ಒಲೆಯ ಸುರುಳಿಯನ್ನು ಎಳೆದು ಗಂಟುಹಾಕಿದರೆ ತಂತಿ ಮೋಟಾಗಿ ರೋಧ ತಗ್ಗುತ್ತದೆ, ಪ್ರವಾಹ ಏರುತ್ತದೆ, ಆ ಭಾರವೆಲ್ಲ ಗೋಡೆಯ ತಂತಿಯ ಹೆಗಲಿಗೇ ಬೀಳುತ್ತದೆ.

ಕಾಯಲೆಂದೇ ಹುಟ್ಟಿದ ನೈಕ್ರೋಮ್ ಬಳ್ಳಾರಿಯ ಬಿಸಿಲಿಗೆ ಜಗ್ಗುವುದಿಲ್ಲ. ಕಾಯಬಾರದ ತಾಮ್ರವೇ ಆ ಬಿಸಿಲಿಗೆ ಬಾಡುವುದು. ಮರುಕಕ್ಕೂ ಎಚ್ಚರಕ್ಕೂ ಪಾತ್ರವಾಗಬೇಕಾದದ್ದು ಕಣ್ಣಿಗೆ ಕಾಣದೆ ದುಡಿಯುವ ಆ ತಂತಿ.