ಸೇಲಂನ ಪರದೆಯ ಮೇಲೆ ಬರ್ಮಾ, ನೆಲದ ಸೀಟಿನಲ್ಲಿ ಅಕ್ಕಿಯ ಚಿಂತೆ

ಜಪಾನಿ ಸೇನಾಧಿಕಾರಿಯ ವೇಷ ಹಾಕಿದವರು ಸೇಲಂನ ಸ್ಟುಡಿಯೊ ಮಾಲೀಕ ಟಿ.ಆರ್. ಸುಂದರಂ. ನಾಯಕನ ಪಾತ್ರ ನೆಲಮಂಗಲ ತಾಲ್ಲೂಕಿನಿಂದ ಹೋದ ಕನ್ನಡಿಗ ಸಿ. ಹೊನ್ನಪ್ಪ ಭಾಗವತರದು. ಚಿತ್ರದ ಹೆಸರು 'ಬರ್ಮಾ ರಾಣಿ', ವರ್ಷ 1945, ಭಾಷೆ ತಮಿಳು. ಜಪಾನೀಯರ ವಶದಲ್ಲಿದ್ದ ಬರ್ಮಾದಲ್ಲಿ ಭಾರತೀಯ ವಿಮಾನಪಡೆಯವರು ಸಿಕ್ಕಿಬೀಳುತ್ತಾರೆ, ಶತ್ರುವಿನ ಕಣ್ಣು ತಪ್ಪಿಸಿ ಪಾರಾಗಬೇಕು. ನಾಯಕಿ ಕೆ.ಎಲ್.ವಿ. ವಸಂತ. ಹಾಡಿದೆ, ಹಾಸ್ಯವಿದೆ, ಬೇಹುಗಾರಿಕೆಯಿದೆ, ಒಟ್ಟಿನಲ್ಲಿ ಜನ ದುಡ್ಡು ಕೊಟ್ಟು ನೋಡುವಂಥ ಸಿನಿಮಾ. ಆದರೆ ಅದರ ಹಿಂದೆ ಇದ್ದದ್ದು ಬ್ರಿಟಿಷ್ ಸರ್ಕಾರದ ಯುದ್ಧಪ್ರಚಾರ.

ಸುಂದರಂ ಸರ್ಕಾರದ ಭಜಂತ್ರಿಯೇನಲ್ಲ. ತಿರುಚೆಂಗೋಡಿನ ಜವಳಿ ಮನೆತನದ ಹುಡುಗ, ಬಟ್ಟೆಯ ತಂತ್ರಜ್ಞಾನ ಓದಲು ಇಂಗ್ಲೆಂಡಿನ ಲೀಡ್ಸ್‌ಗೆ ಹೋಗಿ ಬಂದು, ಮಗ್ಗ ಬಿಟ್ಟು ಸಿನಿಮಾಕ್ಕೆ ಕೈ ಹಾಕಿದವರು. 1930ರ ದಶಕದ ನಡುವೆ ಏರ್ಕಾಡು ರಸ್ತೆಯಲ್ಲಿ ಅವರು ಕಟ್ಟಿದ ಮಾಡರ್ನ್ ಥಿಯೇಟರ್ಸ್‌ನಲ್ಲೇ 1938ರಲ್ಲಿ ಮಲಯಾಳದ ಮೊದಲ ಮಾತಿನ ಚಿತ್ರ 'ಬಾಲನ್' ತಯಾರಾಯಿತು. ಮುಂದೆ ಕರುಣಾನಿಧಿ ಸಂಭಾಷಣೆ ಬರೆದ 'ಮಂತ್ರಿ ಕುಮಾರಿ' ಬಂದದ್ದೂ ಅಲ್ಲಿಂದಲೇ. ಸ್ಟುಡಿಯೊ ಈಗಿಲ್ಲ, ರಸ್ತೆಯ ಪಕ್ಕದ ಕಮಾನು ಮಾತ್ರ ನಿಂತಿದೆ. ಹೀಗೆ ಲೆಕ್ಕ ಹಾಕಿ ನಡೆಯುವ ಮನುಷ್ಯ ಯುದ್ಧದ ಚಿತ್ರಕ್ಕೆ ಯಾಕೆ ಇಳಿದರು? ಉತ್ತರ ಕಥೆಯಲ್ಲಿಲ್ಲ, ಕಚ್ಚಾ ಫಿಲ್ಮಿನ ಡಬ್ಬಿಯಲ್ಲಿದೆ.

ಆಗ ಭಾರತದಲ್ಲಿ ಫಿಲ್ಮ್ ತಯಾರಾಗುತ್ತಿರಲಿಲ್ಲ. ಎಲ್ಲವೂ ಹಡಗಿನಲ್ಲಿ ಬರಬೇಕು. ಜರ್ಮನಿಯ ಆಗ್ಫಾ ಯುದ್ಧ ಶುರುವಾದೊಡನೆ ನಿಂತಿತು. ಉಳಿದ ಕಂಪನಿಗಳ ಸರಕಿಗೆ ಹಡಗಿನಲ್ಲಿ ಜಾಗವಿಲ್ಲ. 1942ರಲ್ಲಿ ಸರ್ಕಾರ ಕಥಾಚಿತ್ರಗಳ ಉದ್ದ 11,000 ಅಡಿ ಮೀರಬಾರದು ಎಂದಿತು. ಅಂದರೆ ಸುಮಾರು ಎರಡು ಗಂಟೆ. ಅದಕ್ಕೆ ಮುಂಚೆ ಮೂರು ಗಂಟೆ ದಾಟಿ ಓಡುತ್ತಿದ್ದ, ಹತ್ತಾರು ಹಾಡುಗಳನ್ನು ತುರುಕಿಕೊಂಡಿದ್ದ ದಕ್ಷಿಣದ ಚಿತ್ರಗಳಿಗೆ ಇದು ಕತ್ತರಿ. (ಪ್ರೇಕ್ಷಕರಿಗೆ ಇದರಿಂದ ಉಪಕಾರವೇ ಆಯಿತು ಎಂದು ನನ್ನ ಅನಿಸಿಕೆ.) ಮರುವರ್ಷ ಫಿಲ್ಮಿಗೇ ಲೈಸೆನ್ಸ್ ಬಂತು. ಲೈಸೆನ್ಸ್ ಬೇಕಾದ ನಿರ್ಮಾಪಕರು ಯುದ್ಧಕ್ಕೆ ಬೆಂಬಲ ಕೊಡುವ ಒಂದು ಚಿತ್ರವನ್ನಾದರೂ ತೆಗೆಯಬೇಕೆಂಬ ಒತ್ತಡ ಅದರ ಬೆನ್ನಿಗೇ ಬಂತು. ಮುಂಬೈಯಲ್ಲಿ ಶಾಂತಾರಾಮರ 'ಡಾ. ಕೋಟ್ನಿಸ್ ಕೀ ಅಮರ್ ಕಹಾನಿ' ಈ ಲೆಕ್ಕಕ್ಕೇ ಸೇರಿತು. ಮದ್ರಾಸ್ ಪ್ರಾಂತ್ಯದಲ್ಲಿ 1945ರಲ್ಲಿ ಬಂದ ಇಂಥ ಚಿತ್ರಗಳಲ್ಲಿ ಮೂರು: 'ಬರ್ಮಾ ರಾಣಿ', ಬರ್ಮಾದಿಂದ ಓಡಿಬಂದವರ ಕಥೆಯ ಜೆಮಿನಿ ಸ್ಟುಡಿಯೊದ 'ಕಣ್ಣಮ್ಮ ಎನ್ ಕಾದಲಿ', ಕೆ. ಸುಬ್ರಹ್ಮಣ್ಯಂ ಅವರ 'ಮಾನಸಂರಕ್ಷಣಂ'.

ಈ ಮೂರನೆಯ ಹೆಸರಿನಲ್ಲಿ ಒಂದು ವಿಚಿತ್ರವಿದೆ. ಇದೇ ಸುಬ್ರಹ್ಮಣ್ಯಂ 1939ರಲ್ಲಿ ತಮಿಳು ಲೇಖಕ ಕಲ್ಕಿಯವರ ಕಥೆಯಿಂದ 'ತ್ಯಾಗಭೂಮಿ' ತೆಗೆದಿದ್ದರು. ಗಾಂಧಿ, ಖಾದಿ, ಚಳವಳಿ ತುಂಬಿದ ಚಿತ್ರ. ಮರುವರ್ಷ ಸರ್ಕಾರ ನಿಷೇಧಿಸಿದಾಗ ಮದ್ರಾಸಿನ ಗೇಯಿಟಿ ಚಿತ್ರಮಂದಿರದಲ್ಲಿ ಅದನ್ನು ಪುಕ್ಕಟೆಯಾಗಿ ತೋರಿಸಿದರು. ಜನ ಮುಗಿಬಿದ್ದರು, ಪೊಲೀಸರು ಲಾಠಿ ಬೀಸಿದರು. ಬೇಕಾದ ಚಿತ್ರಕ್ಕೆ ಈ ಪ್ರಾಂತ್ಯದ ಪ್ರೇಕ್ಷಕರು ಲಾಠಿ ಏಟನ್ನೂ ತಿನ್ನುತ್ತಾರೆ ಎಂಬುದು ಆಳುವವರಿಗೆ ಅಂದೇ ಗೊತ್ತಾಗಿತ್ತು. ಬೇಡದ ಚಿತ್ರವನ್ನು ಅವರಿಗೆ ತೋರಿಸುವುದು ಹೇಗೆ ಎಂಬುದು ಮುಂದಿನ ತಲೆನೋವು.

ಅದಕ್ಕೆ ಕಂಡುಕೊಂಡ ದಾರಿ ಕಾನೂನು. 1940ರಲ್ಲಿ ಫಿಲ್ಮ್ ಅಡ್ವೈಸರಿ ಬೋರ್ಡ್ ಆಯಿತು, ನಿರ್ಮಾಪಕ ಜೆ.ಬಿ.ಎಚ್. ವಾಡಿಯಾ ಅಧ್ಯಕ್ಷರು, ಲಂಡನ್ನಿನಿಂದ ಸಾಕ್ಷ್ಯಚಿತ್ರಕಾರ ಅಲೆಕ್ಸಾಂಡರ್ ಶಾ ಬಂದರು. ಅದು ತೆಗೆದ ಕಿರುಚಿತ್ರಗಳನ್ನು ಹಾಕಲು ಥಿಯೇಟರಿನವರು ಉತ್ಸಾಹ ತೋರಲಿಲ್ಲ. 1943ರಲ್ಲಿ ಅದರ ಜಾಗಕ್ಕೆ ಇನ್ಫರ್ಮೇಶನ್ ಫಿಲ್ಮ್ಸ್ ಆಫ್ ಇಂಡಿಯಾ ಬಂತು, ಜೊತೆಗೆ 'ಇಂಡಿಯನ್ ನ್ಯೂಸ್ ಪರೇಡ್' ಎಂಬ ಸುದ್ದಿಚಿತ್ರ. ಅದೇ ವರ್ಷ ಭಾರತ ರಕ್ಷಣಾ ನಿಯಮಗಳಿಗೆ ಹೊಸದೊಂದು ಸೇರಿತು. ಪ್ರತಿ ಆಟದಲ್ಲೂ ಸರ್ಕಾರ ಒಪ್ಪಿದ ಚಿತ್ರವನ್ನು 2,000 ಅಡಿಯವರೆಗೆ ತೋರಿಸಲೇಬೇಕು. ಇಪ್ಪತ್ತು ನಿಮಿಷದ ಮೇಲಾಯಿತು. ಅದಕ್ಕೆ ಬಾಡಿಗೆಯನ್ನೂ ಥಿಯೇಟರಿನವರೇ ಕಟ್ಟಬೇಕು! ಬ್ರಿಟನ್ನಿನಲ್ಲಿ ಇಂಥ ಚಿತ್ರಗಳನ್ನು ಪ್ರದರ್ಶಕರ ಸಂಘದೊಂದಿಗೆ ಮಾತಾಡಿಕೊಂಡು ಪುಕ್ಕಟೆ ಹಂಚುತ್ತಿದ್ದರು.

ಸುದ್ದಿಚಿತ್ರ ಐದು ಭಾಷೆಗಳಲ್ಲಿ ಬರುತ್ತಿತ್ತು: ಇಂಗ್ಲಿಷ್, ಹಿಂದೂಸ್ತಾನಿ, ಬಂಗಾಳಿ, ತಮಿಳು, ತೆಲುಗು. ಕನ್ನಡ ಇರಲಿಲ್ಲ. ಮೈಸೂರಿನವರಿಗೆ, ಧಾರವಾಡದವರಿಗೆ ಇದು ಒಂದು ಬಗೆಯ ಕೊರತೆ. ಹೊಸೂರು, ಡೆಂಕಣಿಕೋಟೆ, ಧರ್ಮಪುರಿ, ಸೇಲಂ ಕಡೆಯ ಕನ್ನಡ ಮನೆಗಳಿಗೆ ಅಷ್ಟಾಗಿ ಅನಿಸಿರಲಾರದು. ಧರ್ಮಪುರಿ ಬೇರೆ ಜಿಲ್ಲೆಯಾದದ್ದು 1965ರಲ್ಲಿ, ಆಗೆಲ್ಲ ಒಂದೇ ಸೇಲಂ ಜಿಲ್ಲೆ. ಒಲೆಯ ಮುಂದೆ ಕನ್ನಡ, ಸಂತೆಯಲ್ಲಿ ತಮಿಳು, ಸಿನಿಮಾದಲ್ಲೂ ತಮಿಳು. ಯುದ್ಧದ ವರ್ಷಗಳ ಕನ್ನಡ ಚಿತ್ರಗಳ ಪಟ್ಟಿ ಬೆರಳೆಣಿಕೆಯದು. 'ಸುಭದ್ರಾ', 'ಜೀವನ ನಾಟಕ', 'ಸತ್ಯ ಹರಿಶ್ಚಂದ್ರ', 'ವಾಣಿ' ಇವುಗಳಲ್ಲಿ ಯಾವುದಕ್ಕೂ ಯುದ್ಧದ ಗೊಡವೆಯಿಲ್ಲ. ಯುದ್ಧದ ನಾಯಕನಾಗಿ ಒಬ್ಬ ಕನ್ನಡಿಗನನ್ನು ನೋಡಬೇಕೆಂದರೆ ಸೇಲಂನಲ್ಲಿ ತೆಗೆದ ತಮಿಳು ಚಿತ್ರಕ್ಕೇ ಹೋಗಬೇಕಿತ್ತು. ಗುಬ್ಬಿ ವೀರಣ್ಣನವರ ನಾಟಕ ಕಂಪನಿಯಲ್ಲಿ ಪಳಗಿದ ಹೊನ್ನಪ್ಪ ಭಾಗವತರು ಅಷ್ಟು ಹೊತ್ತಿಗೆ ಎರಡೂ ಭಾಷೆಯವರಿಗೆ ಪರಿಚಿತರು. ಜನ ಅವರ ಹಾಡಿಗೆ ಬರುತ್ತಿದ್ದರು, ವಿಮಾನಪಡೆಯ ಸಮವಸ್ತ್ರಕ್ಕಲ್ಲ.

ಪ್ರೇಕ್ಷಕರ ಮನಸ್ಸು ತಿಳಿಯಲು ಬ್ರಿಟನ್ನಿನವರು ಪಟ್ಟ ಪಾಡು ಇಲ್ಲಿ ಹೇಳಬೇಕು. ಅಲ್ಲಿ 1937ರಲ್ಲೇ 'ಮಾಸ್ ಅಬ್ಸರ್ವೇಶನ್' ಎಂಬ ಸಂಸ್ಥೆ ಹುಟ್ಟಿತ್ತು. ಟಾಮ್ ಹ್ಯಾರಿಸನ್, ಚಾರ್ಲ್ಸ್ ಮ್ಯಾಜ್, ಹಂಫ್ರಿ ಜೆನ್ನಿಂಗ್ಸ್ ಸೇರಿ ಕಟ್ಟಿದ್ದು. ಯುದ್ಧ ಬಂದಾಗ ಅದರ ವೀಕ್ಷಕರು ಸಿನಿಮಾ ಮಂದಿರಗಳ ಕತ್ತಲಲ್ಲಿ ಕೂತು, ಎಲ್ಲಿ ನಕ್ಕರು, ಎಲ್ಲಿ ಚಪ್ಪಾಳೆ ಬಿತ್ತು, ಪಕ್ಕದವರು ಏನು ಗೊಣಗಿದರು ಎಂದು ಬರೆದುಕೊಂಡರು. ಅವರಿಗೆ ಸಿಕ್ಕ ಫಲಿತಾಂಶ ವಾರ್ತಾ ಸಚಿವಾಲಯಕ್ಕೆ ಖುಷಿ ಕೊಡುವಂಥದ್ದೇನಲ್ಲ. ಯುದ್ಧ ಶುರುವಾದ ಎರಡೇ ತಿಂಗಳಲ್ಲಿ ಅವಸರವಾಗಿ ಬಂದ 'ದಿ ಲಯನ್ ಹ್ಯಾಸ್ ವಿಂಗ್ಸ್' ಚಿತ್ರವನ್ನು ಹೊಗಳಿದವರ ಜೊತೆಗೆ 'ಇದು ಬರೀ ಪ್ರಚಾರ' ಎಂದು ಮೂಗು ಮುರಿದವರೂ ಇದ್ದರು. ಅದೇ, 1940ರ 'ಲೆಟ್ ಜಾರ್ಜ್ ಡು ಇಟ್' ಎಂಬ ಹಾಸ್ಯಚಿತ್ರದಲ್ಲಿ ಜಾರ್ಜ್ ಫಾರ್ಮ್‌ಬಿ ಕನಸಿನಲ್ಲಿ ಹಿಟ್ಲರನ ಮುಖಕ್ಕೆ ಗುದ್ದಿದಾಗ ಮಂದಿರವೇ ಕುಣಿದದ್ದನ್ನು ವೀಕ್ಷಕರು ದಾಖಲಿಸಿದ್ದಾರೆ. ಅಧಿಕಾರಿಯ ಭಾಷಣಕ್ಕೆ ಆಕಳಿಸಿದ ಜನ ಕೋಡಂಗಿಯ ಗುದ್ದಿಗೆ ಎದ್ದು ನಿಂತರು. ಮುಂದೆ 'ಟಾರ್ಗೆಟ್ ಫಾರ್ ಟುನೈಟ್', 'ಡೆಸರ್ಟ್ ವಿಕ್ಟರಿ' ಗೆದ್ದವು. ನಿಜವಾದ ವಿಮಾನ, ನಿಜವಾದ ಸೈನಿಕ, ನಿಜವಾದ ಗೆಲುವು ಅಲ್ಲಿದ್ದವು. ವಾರಕ್ಕೆ ಎರಡು ಕೋಟಿಯಷ್ಟಿದ್ದ ಅಲ್ಲಿನ ಪ್ರೇಕ್ಷಕರ ಸಂಖ್ಯೆ ಯುದ್ಧ ಮುಗಿಯುವ ವೇಳೆಗೆ ಮೂರು ಕೋಟಿ ಮೀರಿತು. ಜನ ಬಂದದ್ದು ಸಿನಿಮಾಕ್ಕೆ. ಪ್ರಚಾರವನ್ನು ಅದರ ಜೊತೆ ಸಹಿಸಿಕೊಂಡರು.

ಸೇಲಂನಲ್ಲಿ ಹಾಗೆ ಬರೆದುಕೊಂಡು ಕೂತವರು ಯಾರೂ ಇಲ್ಲ. ಆದರೆ ಆ ನೆಲದ ಸೀಟಿನಲ್ಲಿ ಕೂತವರು ಯಾರು, ಅವರ ಮನೆಯ ಸ್ಥಿತಿ ಏನು ಎಂಬುದು ಗೊತ್ತಿದೆ. ತಾರಮಂಗಲಂ ಊರನ್ನೇ ತೆಗೆದುಕೊಳ್ಳಿ. ಸೇಲಂನ ಪಶ್ಚಿಮಕ್ಕಿರುವ ನೇಕಾರರ ಊರು, ಗಟ್ಟಿ ಮುದಲಿಗಳು ಕಟ್ಟಿಸಿದ ಕೈಲಾಸನಾಥ ದೇವಾಲಯದ ಕೆತ್ತನೆಗೆ ಹೆಸರಾದದ್ದು. ಈ ಸೀಮೆಯ ಮಗ್ಗಗಳಲ್ಲಿ ತಮಿಳು ಮಾತಾಡುವವರಿದ್ದಾರೆ, ಚೌಡೇಶ್ವರಿಯ ಒಕ್ಕಲಾದ ಕನ್ನಡದ ದೇವಾಂಗರೂ ಇದ್ದಾರೆ. ಇಂಥ ಊರುಗಳಿಗೆ ಸಿನಿಮಾ ಬರುತ್ತಿದ್ದುದು ಹೆಚ್ಚಾಗಿ ಟೂರಿಂಗ್ ಟಾಕೀಸಿನ ಟೆಂಟಿನಲ್ಲಿ. ಮರಳಿನ ಮೇಲೆ ನೆಲದವರು, ಹಿಂದೆ ಬೆಂಚು, ಅದರ ಹಿಂದೆ ಕುರ್ಚಿ. ಒಂದೇ ಪ್ರೊಜೆಕ್ಟರ್ ಇದ್ದುದರಿಂದ ರೀಲು ಮುಗಿದಾಗಲೆಲ್ಲ ಆಟ ನಿಲ್ಲುತ್ತಿತ್ತು, ಕಡಲೆಕಾಯಿ, ಸೋಡಾ ಮಾರುವವರು ನುಗ್ಗುತ್ತಿದ್ದರು.

ಆ ಮರಳಿನ ಮೇಲೆ ಕೂತ ನೇಕಾರನಿಗೆ ಯುದ್ಧ ಅಂದರೆ ಮೊದಲು ನೂಲು. ನೂಲಿನ ಬೆಲೆ ಏರಿತು, ಸಿಗುವುದೂ ಕಷ್ಟವಾಯಿತು, ಸರ್ಕಾರ ನಿಯಂತ್ರಣ ತಂದ ಮೇಲೆ ಕಾಳಸಂತೆಯ ಬಾಗಿಲು ತಟ್ಟಬೇಕಾಯಿತು. ನೂಲಿಲ್ಲದ ದಿನ ಮಗ್ಗದ ಗುಂಡಿಗೆ ಇಳಿಯುವ ಹಾಗಿಲ್ಲ, ಕೂಲಿ ಇಲ್ಲ. ಎರಡನೆಯದು ಅಕ್ಕಿ. ಮದ್ರಾಸ್ ಪ್ರಾಂತ್ಯ ಬರ್ಮಾ ಅಕ್ಕಿಗೆ ಒಗ್ಗಿಹೋಗಿತ್ತು. 1942ರ ಮಾರ್ಚಿನಲ್ಲಿ ರಂಗೂನ್ ಜಪಾನೀಯರ ಕೈಗೆ ಬಿದ್ದು ಆ ಅಕ್ಕಿ ನಿಂತಿತು, ಆಮೇಲೆ ರೇಷನ್ ಬಂತು. ಮೂರನೆಯದು ಹೋದ ಜನ. ಮಲಯಾ, ಸಿಲೋನ್, ಬರ್ಮಾಗಳಿಗೆ ಕೂಲಿಗೆ ಹೋದವರು ತಮಿಳುನಾಡಿನ ಒಳನಾಡಿನಲ್ಲಿ ಊರೂರಿಗೂ ಇದ್ದರು. ಬರ್ಮಾದಿಂದ ಲಕ್ಷಗಟ್ಟಲೆ ಭಾರತೀಯರು ಕಾಡುದಾರಿಯಲ್ಲಿ ನಡೆದು ಹೊರಟರು, ದಾರಿಯಲ್ಲೇ ಸತ್ತವರ ಸಂಖ್ಯೆ ಹತ್ತಾರು ಸಾವಿರ. 1942ರ ಏಪ್ರಿಲ್ 6ರಂದು ವಿಶಾಖಪಟ್ಟಣ, ಕಾಕಿನಾಡದ ಮೇಲೆ ಬಾಂಬು ಬಿತ್ತು. ಮದ್ರಾಸ್ ಅರ್ಧ ಖಾಲಿಯಾಗಿ ಜನ ಗಂಟುಮೂಟೆ ಕಟ್ಟಿ ಒಳನಾಡಿಗೆ ಬಂದರು.

ಇಂಥವರ ಮುಂದೆ ಸರ್ಕಾರ 'ಬರ್ಮಾ' ತೋರಿಸಿತು. ಭಯ ಹುಟ್ಟಿಸಬೇಕಾದ ಅಗತ್ಯವೇ ಇರಲಿಲ್ಲ, ಭಯ ಮನೆಯಲ್ಲೇ ಇತ್ತು. ಆದರೆ ಆ ಭಯಕ್ಕೆ ಕಾರಣ ಯಾರು ಎಂಬ ಪ್ರಶ್ನೆಗೆ ಪರದೆ ಕೊಟ್ಟ ಉತ್ತರ ಒಂದು, ಜನ ಕಂಡದ್ದು ಇನ್ನೊಂದು. ಜಪಾನಿ ಕ್ರೂರಿ ಎಂಬುದನ್ನು ನಂಬಿದವರೂ, ಬರ್ಮಾದಿಂದ ನಮ್ಮವರನ್ನು ನಡೆಸಿಕೊಂಡೇ ಬರಲು ಬಿಟ್ಟು ಬಿಳಿಯರು ಮೊದಲು ಹಡಗು ಹತ್ತಿದರು ಎಂಬ ಮಾತನ್ನು ಮರೆಯಲಿಲ್ಲ. ಹಾಗಿದ್ದೂ 'ಬರ್ಮಾ ರಾಣಿ'ಯಂಥ ಚಿತ್ರ ನೋಡಿಸಿಕೊಂಡಿತು ಎಂದರೆ ನನಗೆ ಆಶ್ಚರ್ಯವಿಲ್ಲ. ತೆರುಕೂತ್ತು, ಬಯಲಾಟ ನೋಡಿ ಬೆಳೆದವರಿಗೆ ಕೇಡಿಗನ ಅಬ್ಬರವೇ ಅರ್ಧ ಆಟ. ಸುಂದರಂ ತಾವೇ ಆ ಪಾತ್ರ ಇಟ್ಟುಕೊಂಡದ್ದು ವ್ಯಾಪಾರಿಯ ಜಾಣತನ. ಸರ್ಕಾರ ಕೇಳಿದ್ದು ಪ್ರಚಾರ, ಅವರು ಕೊಟ್ಟದ್ದು ಸಿನಿಮಾ, ಲೈಸೆನ್ಸೂ ಉಳಿಯಿತು. ಸರ್ಕಾರ, ಸುಂದರಂ, ಪ್ರೇಕ್ಷಕ ಮೂವರಿಗೂ ಬೇಕಾದದ್ದು ಸಿಕ್ಕ ಈ ವ್ಯವಹಾರದಲ್ಲಿ ಸಂದೇಶ ಮಾತ್ರ ಯಾರ ಕೈಗೂ ಹತ್ತಲಿಲ್ಲ.

ಯುದ್ಧಕಾಲದಲ್ಲಿ ಈ ನಾಡಿನ ಪ್ರೇಕ್ಷಕ ನಿಜವಾಗಿ ಯಾವುದನ್ನು ಆರಿಸಿಕೊಂಡ? ಎಂ.ಕೆ. ತ್ಯಾಗರಾಜ ಭಾಗವತರ 'ಹರಿದಾಸ್' 1944ರ ದೀಪಾವಳಿಗೆ ಬಂದು ಮದ್ರಾಸಿನ ಬ್ರಾಡ್‌ವೇ ಚಿತ್ರಮಂದಿರದಲ್ಲಿ ಮೂರು ದೀಪಾವಳಿ ಕಂಡಿತು. ಅದೇ ವರ್ಷ ಎವಿಎಂನವರು ಕನ್ನಡದ 'ಸತ್ಯ ಹರಿಶ್ಚಂದ್ರ'ವನ್ನು ತಮಿಳಿಗೆ ಡಬ್ ಮಾಡಿ ಹಂಚಿದರು, ತಮಿಳಿನ ಮೊದಲ ಡಬ್ಬಿಂಗ್ ಚಿತ್ರ ಅದು. ಕಷ್ಟಕಾಲದಲ್ಲಿ ಜನ ಹರಿಶ್ಚಂದ್ರನ ಕಷ್ಟ ನೋಡಲು ಹೋದರು. ಚರ್ಚಿಲ್‌ನ ಕಷ್ಟದಲ್ಲಿ ಅವರಿಗೆ ಆಸಕ್ತಿ ಇರಲಿಲ್ಲ.

ಕಾಲವೂ 'ಬರ್ಮಾ ರಾಣಿ'ಗೆ ಕೈಕೊಟ್ಟಿತು. 1945ರ ಆಗಸ್ಟಿನಲ್ಲಿ ಜಪಾನ್ ಶರಣಾಯಿತು. ನವೆಂಬರಿನಲ್ಲಿ ಕೆಂಪುಕೋಟೆಯಲ್ಲಿ ಆಜಾದ್ ಹಿಂದ್ ಫೌಜಿನ ಅಧಿಕಾರಿಗಳ ವಿಚಾರಣೆ ಶುರುವಾಯಿತು. ಮಲಯಾ, ಬರ್ಮಾಗಳ ತಮಿಳು ಕೂಲಿಗಳ ಮಕ್ಕಳೇ ಆ ಫೌಜಿನಲ್ಲಿ ಸಾವಿರಗಟ್ಟಲೆ ಸೇರಿದ್ದರು. ಜಪಾನೀಯರ ಪಕ್ಕದಲ್ಲಿ ನಿಂತು ಬರ್ಮಾದಲ್ಲಿ ಹೋರಾಡಿದವರು ಒಂದೇ ಚಳಿಗಾಲದಲ್ಲಿ ದೇಶದ ವೀರರಾದರು, ನೇತಾಜಿಯ ಪಟ ಮನೆಮನೆಯ ಗೋಡೆ ಹತ್ತಿತು. ಅದೇ ವರ್ಷ ಅದೇ ಬರ್ಮಾದಲ್ಲಿ ಬ್ರಿಟಿಷರ ಪರ ಹಾರಿದ ಪೈಲಟ್‌ನನ್ನು ನಾಯಕನಾಗಿಸಿದ ಚಿತ್ರದ ನೈತಿಕ ಲೆಕ್ಕ ತಲೆಕೆಳಗಾಯಿತು. ಹೊನ್ನಪ್ಪ ಭಾಗವತರ ಹೆಸರಿಗೆ ಇದರಿಂದ ಕುಂದೇನೂ ಬರಲಿಲ್ಲ. 1955ರಲ್ಲಿ ಅವರ 'ಮಹಾಕವಿ ಕಾಳಿದಾಸ' ಬಂತು, ಬಿ. ಸರೋಜಾದೇವಿ ಕನ್ನಡಕ್ಕೆ ಸಿಕ್ಕಿದ್ದು ಆ ಚಿತ್ರದಿಂದ. 'ಬರ್ಮಾ ರಾಣಿ' ಅವರ ಪರಿಚಯದ ಸಾಲುಗಳಲ್ಲಿ ಎಲ್ಲೋ ಮೂಲೆಗೆ ಸರಿಯಿತು.

ಸರ್ಕಾರಿ ಚಿತ್ರಗಳ ಬಗ್ಗೆ ಭಾರತದಲ್ಲಿ ದಾಖಲಾದ ಅಭಿಪ್ರಾಯಗಳಲ್ಲಿ ಒಂದು ಶಾಸಕರದ್ದು. 1946ರಲ್ಲಿ ಕೇಂದ್ರ ಶಾಸನಸಭೆ ಇನ್ಫರ್ಮೇಶನ್ ಫಿಲ್ಮ್ಸ್‌ಗೆ ಹಣ ಕೊಡಲು ಒಪ್ಪಲಿಲ್ಲ, ಸಂಸ್ಥೆ ಮುಚ್ಚಿತು. ಪರಿಣಾಮವಾಗಿ 1947ರ ಆಗಸ್ಟ್ 14ರ ಮಧ್ಯರಾತ್ರಿಯನ್ನು ಚಿತ್ರೀಕರಿಸಲು ಭಾರತ ಸರ್ಕಾರದ ಕೈಯಲ್ಲಿ ಸ್ವಂತ ಚಿತ್ರ ಘಟಕವೇ ಇರಲಿಲ್ಲ. ಮರುವರ್ಷ ಫಿಲ್ಮ್ಸ್ ಡಿವಿಷನ್ ಹುಟ್ಟಿತು. ಬ್ರಿಟಿಷರ ಕಡ್ಡಾಯದ ನಿಯಮವನ್ನು ಸ್ವತಂತ್ರ ಸರ್ಕಾರ ಹೊಸ ಕಾನೂನಿನಲ್ಲಿ ಮತ್ತೆ ಜಾರಿಗೆ ತಂದಿತು, ಬಾಡಿಗೆಯ ಸಮೇತ. ನಿಯಮ ಬೈದವರೇ ನಿಯಮ ಇಟ್ಟುಕೊಂಡರು. ನ್ಯೂಸ್ ರೀಲು ಮುಗಿಯುವವರೆಗೆ ಹೊರಗೆ ಬೀಡಿ ಸೇದುತ್ತ ನಿಲ್ಲುವ ಅಭ್ಯಾಸ ಮೂರು ತಲೆಮಾರಿನ ಪ್ರೇಕ್ಷಕರಿಗೆ ಬಂತು.

ಬ್ರಿಟನ್ನಿನ ಆ ಕತ್ತಲ ಟಿಪ್ಪಣಿಗಳು ಇಂದು ಸಸೆಕ್ಸ್ ವಿಶ್ವವಿದ್ಯಾಲಯದ ಸಂಗ್ರಹದಲ್ಲಿ ಓದಲು ಸಿಗುತ್ತವೆ. ನಮ್ಮ ಕಡೆಯದು ಕಾಗದದಲ್ಲಿಲ್ಲ. 1945ರಲ್ಲಿ ಎಂಟು ಹತ್ತು ವರ್ಷದವರಾಗಿ ಅಪ್ಪನ ತೊಡೆಯ ಮೇಲೆ ಕೂತು ಟೆಂಟಿನಲ್ಲಿ ಯುದ್ಧ ನೋಡಿದವರಿಗೆ ಈಗ ತೊಂಬತ್ತರ ಆಸುಪಾಸು. ಸೇಲಂ, ಧರ್ಮಪುರಿ, ಹೊಸೂರಿನ ಕನ್ನಡ ಮನೆಗಳಲ್ಲಿ ಅಂಥ ಅಜ್ಜ ಅಜ್ಜಿಯರು ಇನ್ನೂ ಇದ್ದರೆ, ಯಾವ ಚಿತ್ರ ನೋಡಿದಿರಿ ಎಂದಷ್ಟೇ ಕೇಳಿ ಬಿಡಬೇಡಿ. ಆ ರೀಲು ಬಂದಾಗ ಟೆಂಟಿನಲ್ಲಿ ಜನ ಏನು ಮಾಡಿದರು ಎಂದು ಕೇಳಿ, ಹೇಳಿದ್ದನ್ನು ಬರೆದಿಡಿ.