‘ಸರ್ವರ್ ಡೌನ್’ ಆಗುವುದೇಕೆ?

ತಿಂಗಳ ಮೊದಲ ದಿನ ಪಿಂಚಣಿಗಾಗಿ ಬಂದ ಹಿರಿಯರಿಗೆ “ಸರ್ವರ್ ಡೌನ್ ಇದೆ, ಸ್ವಲ್ಪ ಕುಳಿತುಕೊಳ್ಳಿ” ಎನ್ನುವಾಗ ಬ್ಯಾಂಕ್ ನೌಕರರಾದ ನಮಗಾಗುವ ಸಂಕೋಚ ಅಷ್ಟಿಷ್ಟಲ್ಲ. ಕಲಾ ಪದವೀಧರರಾದ ನಮಗೆ ಈ ಮಾತಿನ ಒಳಗುಟ್ಟು ತಿಳಿದದ್ದು, ಹೊಸ ತಂತ್ರಾಂಶವೊಂದರ ಲೋಡ್ ಟೆಸ್ಟಿಂಗ್ ವೇಳೆ. ಸಾವಿರಾರು ಗ್ರಾಹಕರು ಒಮ್ಮೆಲೇ ಬಂದಂತೆ ಕೃತಕ ನೂಕುನುಗ್ಗಲನ್ನು ಸೃಷ್ಟಿಸಿ ವ್ಯವಸ್ಥೆಯ ತಾಳಿಕೆಯನ್ನು ಅಳೆಯುವ ಪರೀಕ್ಷೆಯಿದು. ಅಂದು ಸಂಪರ್ಕ ಒಮ್ಮೆ ಸಿಗುತ್ತಿತ್ತು, ಮತ್ತೊಮ್ಮೆ ತಪ್ಪುತ್ತಿತ್ತು.

ಗ್ರಾಂಟ್ ರೋಡ್ ನಿಲ್ದಾಣದ ಟಿಕೆಟ್ ಕಿಟಕಿಗಳನ್ನು ನೆನೆಯೋಣ. ಖಾತೆಗಳ ವಿವರವಿರುವ ಡೇಟಾಬೇಸಿಗೂ ಇಂತಿಷ್ಟೇ ಕಿಟಕಿಗಳಿರುತ್ತವೆ. ನಾವಾಗಿ ಬದಲಿಸದಿದ್ದರೆ ಪೋಸ್ಟ್‌ಗ್ರೆಸ್ ಎಂಬ ಡೇಟಾಬೇಸಿನಲ್ಲಿ ಇವು 100. ಹನ್ನೆರಡು ಸರ್ವರುಗಳು ತಲಾ 10 ಕಿಟಕಿ ಬಯಸಿದರೆ 120 ಬೇಕಾಗುತ್ತದೆ. ಜನ ಕಡಿಮೆಯಿದ್ದಾಗ ಈ ಕೊರತೆ ಕಾಣುವುದಿಲ್ಲ. ದಟ್ಟಣೆಯಲ್ಲಿ ಮಾತ್ರ ಕೆಲವರು ಬರಿಗೈಲಿ ಮರಳುತ್ತಾರೆ. ದೋಷ ಬಿಟ್ಟುಬಿಟ್ಟು ಕಾಣಿಸುವುದು ಇದರಿಂದಲೇ.

ಪತ್ತೆಹಚ್ಚುವ ಕ್ರಮ ಸರಳವಾದುದು. ಮೊದಲು, ಸಂಪರ್ಕ ನಿರಾಕರಣೆಯಾಯಿತೋ ಅಥವಾ ಕಾದು ಕಾದು ಅವಧಿ ಮುಗಿಯಿತೋ ಎಂದು ನೋಡಬೇಕು. ನಿರಾಕರಣೆಯಾದರೆ ಡೇಟಾಬೇಸಿನ ಮಿತಿ ತುಂಬಿರುವ ಸಂಭವವಿದೆ. ಕಾಯುವಿಕೆಯಾದರೆ ಯಾರೋ ಕಿಟಕಿ ಬಿಟ್ಟುಕೊಡುತ್ತಿಲ್ಲ. ಎರಡನೆಯದಾಗಿ, ಪರೀಕ್ಷೆ ಮುಗಿದ ಮೇಲೆ ಬಳಕೆಯಲ್ಲಿರುವ ಸಂಪರ್ಕಗಳನ್ನು ಎಣಿಸಬೇಕು. ಸಂಖ್ಯೆ ಇಳಿಯದಿದ್ದರೆ, ಪಡೆದುದನ್ನು ಹಿಂದಿರುಗಿಸದ ತಪ್ಪು ತಂತ್ರಾಂಶದಲ್ಲೇ ಇದೆ. ಇಳಿದರೆ, ನಿಧಾನಗತಿಯ ಪ್ರಶ್ನೆಯೊಂದು ಕಿಟಕಿಯನ್ನು ಹೆಚ್ಚು ಹೊತ್ತು ಹಿಡಿದಿರಬಹುದು. ಮೂರನೆಯದಾಗಿ, ಬಿಡುವಿನ ಬಳಿಕದ ಮೊದಲ ಯತ್ನವೇ ಸೋತರೆ, ಸುಮ್ಮನಿದ್ದ ಸಂಪರ್ಕವನ್ನು ನಡುವಿನ ಫೈರ್‌ವಾಲ್ ಕಡಿದಿರಬಹುದು.

ಲ್ಯಾಮಿಂಗ್ಟನ್ ರೋಡಿನಿಂದ ದೊಡ್ಡ ಯಂತ್ರ ತಂದೊಡನೆ ಇದು ಗುಣವಾಗದು. ಕಿಟಕಿ ಹೆಚ್ಚಿಸಿದರೂ ಒಳಗಿನ ಗುಮಾಸ್ತ ಒಬ್ಬನೇ ಇದ್ದರೆ ಸಾಲು ಕರಗುವುದೇ?

ಇಂಥದೇ ದಟ್ಟಣೆಯ ಪಾಠವನ್ನು 2025ರ ಏಪ್ರಿಲ್ 12ರಂದು ದೇಶವೇ ಕಂಡಿತು. ಅಂದು ಯುಪಿಐ ಪಾವತಿ ಅಸ್ತವ್ಯಸ್ತಗೊಂಡಿತು. “ಹಣ ಸಂದಾಯವಾಯಿತೇ?” ಎಂದು ಬ್ಯಾಂಕುಗಳ ಕಡೆಯಿಂದ ಮತ್ತೆ ಮತ್ತೆ ಬಂದ ವಿಚಾರಣೆಗಳ ಮಹಾಪೂರವೇ ಕಾರಣವೆಂದು ಮುಂಬಯಿಯ ರಾಷ್ಟ್ರೀಯ ಪಾವತಿ ನಿಗಮವು ಕಂಡುಕೊಂಡಿತು. ಆ ವರ್ಷದ ಆಗಸ್ಟ್ 1ರಿಂದ ಒಂದು ಆ್ಯಪಿನಲ್ಲಿ ಬಾಕಿ ಹಣ ನೋಡುವುದಕ್ಕೆ ದಿನಕ್ಕೆ 50 ಬಾರಿಯ ಮಿತಿಯೂ ಬಂತು.

ಆದುದರಿಂದ ಪಾವತಿ ತಡವಾದಾಗ ಗುಂಡಿಯನ್ನು ಪದೇಪದೇ ಒತ್ತದೆ, ಖಾತೆಯಿಂದ ಹಣ ಕಡಿತವಾಗಿದೆಯೇ ಎಂದು ಒಮ್ಮೆ ನೋಡಿ ತುಸು ಕಾಯೋಣ. ಸಾಲಿನಲ್ಲಿ ನಮ್ಮ ಹಿಂದೆ ಪಿಂಚಣಿಯ ಹಿರಿಯರೊಬ್ಬರು ನಿಂತಿರಬಹುದು.